ಜಂಬಯ್ಯ ಮಾವನ ಕೊನೆಯ ಸೀನು

ನಮ್ಮ ಸೋದರಮಾವ ಜಂಬಯ್ಯ ಬರೆದ ಯಾವ ನಾಟಕದ ಕೊನೆಯ ಸೀನನ್ನೂ ಯಾರೂ ನೋಡಿರಲಿಲ್ಲ. ಬರೆದವನೇ ನೋಡಿರಲಿಲ್ಲ ಎಂದ ಮೇಲೆ ಉಳಿದವರ ಮಾತೇನು? ಹಾಗೆಂದು ನಾಟಕಗಳು ಕೆಟ್ಟದಾಗಿದ್ದವು, ಜನ ಬೇಸತ್ತು ಎದ್ದು ಹೋಗುತ್ತಿದ್ದರು ಎಂದು ಯಾರಾದರೂ ತಿಳಿದುಕೊಂಡರೆ ನನಗೆ ಸಿಟ್ಟು ಬರುತ್ತದೆ. ಕಂಪ್ಲಿ ಸುತ್ತಿನ ಹಳ್ಳಿಗಳಲ್ಲಿ ಅವನ ನಾಟಕವೆಂದರೆ ಜನ ಟ್ರ್ಯಾಕ್ಟರು ಮಾಡಿಕೊಂಡು ಬಂದು ಮುಂದಿನ ಜಾಗಕ್ಕೆ ಜಗಳಾಡುತ್ತಿದ್ದರು. ಕೊನೆಯ ಸೀನು ಕಾಣದೆ ಹೋಗಲು ಕಾರಣವೇ ಬೇರೆ. ಅದರ ಹೆಸರು ಆಯೇರಿ.

ಮದುವೆಯಲ್ಲಿ ಬೀಗರು ಬಟ್ಟೆಬರೆ ಕೊಟ್ಟು ಉಪಚಾರ ಮಾಡುವುದಕ್ಕೆ ನಮ್ಮ ಕಡೆ ಆಯೇರಿ ಎನ್ನುತ್ತಾರೆ. ನಾಟಕದಲ್ಲಿ ಪಾರ್ಟು ಮಾಡಿದ ಅಳಿಯನಿಗೂ ಅತ್ತೆಯ ಮನೆಯವರು ಆಯೇರಿ ಮಾಡಬೇಕು, ಅದೂ ಸ್ಟೇಜಿನ ಮೇಲೆ, ನಾಟಕ ನಡೆಯುವಾಗಲೇ. ತುಂಗಭದ್ರೆಯ ಕಾಲುವೆ ಬರುವ ಮೊದಲು ಇದೆಲ್ಲ ಒಂದು ಟವೆಲ್ಲು, ಒಂದು ತೆಂಗಿನಕಾಯಿಗೆ ಮುಗಿಯುತ್ತಿತ್ತಂತೆ. ಕಾಲುವೆ ಬಂತು, ವರ್ಷಕ್ಕೆ ಎರಡು ಬೆಳೆ ನೆಲ್ಲು ಬಂತು, ಕಬ್ಬು ಬಂತು, ಬೀಗರ ಕೈ ಸಡಿಲಾಯಿತು. ಒಬ್ಬರು ಸಫಾರಿ ಬಟ್ಟೆ ಕೊಟ್ಟರೆ ಇನ್ನೊಬ್ಬರು ಕೈಗಡಿಯಾರ ಕಟ್ಟುತ್ತಿದ್ದರು. ಕೈಗಡಿಯಾರ ನೋಡಿದ ಮೂರನೆಯವರು ಮನೆಗೆ ಹೋಗಿ ಉಂಗುರ ತರುತ್ತಿದ್ದರು.

ಅದರಿಂದ ನಾಟಕಕ್ಕೆ ಏನಾಗುತ್ತಿತ್ತು ಕೇಳಿ. ಖಳನಾಯಕ ನಾಯಕನಿಗೆ ಚೂರಿ ಹಾಕುತ್ತಾನೆ. ನಾಯಕ "ಅಮ್ಮಾ" ಎಂದು ಬೀಳುತ್ತಾನೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ. ಅಷ್ಟರಲ್ಲಿ ಮೈಕು ಕಿರುಗುಟ್ಟಿ, "ಎಲ್ಲರೂ ಶಾಂತ ರೀತಿಯಿಂದ ಕುಂದರಬೇಕು, ಈಗ ಆಯೇರಿ ಇರುತ್ತದೆ" ಎನ್ನುತ್ತದೆ. ಸತ್ತವನು ಎದ್ದು ಕೂರುತ್ತಾನೆ. ಅವನ ಮಾವ, ಮಾವನ ತಮ್ಮ, ಹೆಂಡತಿಯ ಅಣ್ಣಂದಿರು ಸಾಲಾಗಿ ಮೇಲೆ ಬಂದು ಹಾರ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆಸಿಕೊಳ್ಳುತ್ತಾರೆ. ಕೊಲೆ ಮಾಡಿದವನೂ ಚೂರಿ ಹಿಡಿದುಕೊಂಡೇ ಫೋಟೋದಲ್ಲಿ ನಿಲ್ಲುತ್ತಾನೆ. ಆಮೇಲೆ ಸತ್ತವನು ಹಾರ ಶಾಲುಗಳ ಸಮೇತ ಮತ್ತೆ ಮಲಗಿ, ಬಿಟ್ಟಲ್ಲಿಂದ ಸಾಯಲು ಶುರುಮಾಡುತ್ತಾನೆ. ಮೈಮೇಲಿನ ಆಯೇರಿ ತೆಗೆದಿಟ್ಟರೆ ಬೀಗರಿಗೆ ಅವಮಾನವಾಗುತ್ತದಲ್ಲ, ಹಾಗಾಗಿ ನಮ್ಮ ಕಡೆಯ ನಾಟಕಗಳಲ್ಲಿ ಭಿಕ್ಷುಕರು ಕೂಡ ಹೊಸ ಸಫಾರಿ ಹೆಗಲ ಮೇಲೆ ಹಾಕಿಕೊಂಡೇ ಭಿಕ್ಷೆ ಬೇಡುತ್ತಿದ್ದರು.

ಹೀಗೆ ಸತ್ತು ಎದ್ದು, ಎದ್ದು ಸತ್ತು, ಕೊನೆಯ ಸೀನಿಗೆ ಬರುವಷ್ಟರಲ್ಲಿ ಬೆಳಕು ಹರಿಯುತ್ತಿತ್ತು. ಎಮ್ಮೆ ಹಾಲು ಕರೆಯಬೇಕು, ಗದ್ದೆಗೆ ನೀರು ಕಟ್ಟಬೇಕು, ಜನ ಚಾಪೆ ಸುತ್ತಿಕೊಂಡು ಏಳುತ್ತಿದ್ದರು. ನಟರೂ ಏಳುತ್ತಿದ್ದರು. ಕೊನೆಯ ಸೀನು ಮಾವನ ಕೈಚೀಲದಲ್ಲೇ ಉಳಿದು ಅವನ ಜೊತೆ ಬಸ್ಸು ಹತ್ತಿ ಊರಿಗೆ ವಾಪಸ್ಸಾಗುತ್ತಿತ್ತು.

ಈಗ ನಾನೂ ಕತೆ ಬರೆಯುತ್ತೇನೆ. ಪುಸ್ತಕಗಳಾಗಿವೆ, ಹೊಸಪೇಟೆಯ ಕಾಲೇಜುಗಳಿಗೆ ಮಾತಾಡಲು ಕರೆಯುತ್ತಾರೆ. ನಿಮಗೆ ಸ್ಫೂರ್ತಿ ಯಾರು ಮೇಡಂ ಎಂದು ಕೇಳಿ, ದೊಡ್ಡ ಹೆಸರೊಂದು ಬಂದೀತೆಂದು ಪೆನ್ನು ಹಿಡಿದು ಕೂರುತ್ತಾರೆ. ಚಿತ್ತವಾಡ್ಗಿಯ ಜಂಬಯ್ಯ, ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್ಕು ಎಂದರೆ ಪೆನ್ನಿಗೆ ಕ್ಯಾಪು ಹಾಕಿಬಿಡುತ್ತಾರೆ. ಹಾಕಿಕೊಳ್ಳಲಿ ಬಿಡಿ.

ಮಾವ ಬೆಳಗ್ಗೆ ಚಿತ್ತವಾಡ್ಗಿಯಿಂದ ಹೊರಟು ಕಂಪ್ಲಿ ಬಸ್ಸು ಹಿಡಿದರೆ ದಾರಿಯಲ್ಲೊಂದು ಹಾಡು, ಗಿರಣಿಯ ಬೆಲ್ಟು ತಿರುಗತೊಡಗಿದರೆ ಒಂದು ಡೈಲಾಗು. ಆ ಸದ್ದಿನಲ್ಲಿ ಯಾರಿಗೆ ಏನು ಹೇಳಬೇಕಾದರೂ ಗಂಟಲು ಹರಿಯುವಂತೆ ಕೂಗಬೇಕು. ಹೀಗಾಗಿ ಅವನ ನಾಟಕಗಳಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಪ್ರೇಮಿಗಳು ಕಿವಿಯಲ್ಲಿ ಹೇಳಿಕೊಳ್ಳುವ ಗುಟ್ಟು ಕೂಡ ಪಕ್ಕದ ಊರಿಗೆ ಕೇಳಿಸುವಂತಿರುತ್ತಿತ್ತು. ರಜೆ ಸಿಕ್ಕರೆ ಸೈಕಲ್ಲು ತುಳಿದು ಹಂಪಿಗೆ ಹೋಗಿ, ಬಜಾರಿನ ಕಲ್ಲುಕಂಬಗಳ ನಡುವೆ ನಿಂತು ಹೊಸ ಡೈಲಾಗು ಹೊಡೆದು ನೋಡುತ್ತಿದ್ದ. ದನಿ ತಿರುಗಿ ಬಂದರೆ ಆ ಮಾತನ್ನು ಉಳಿಸಿಕೊಳ್ಳುವುದು, ಬಾರದಿದ್ದರೆ ಹೊಡೆದುಹಾಕುವುದು. ಒಮ್ಮೆ ಇವನು ಹೊಡೆಯುತ್ತಿದ್ದ, ಮಗನನ್ನು ಕಳೆದುಕೊಂಡ ತಂದೆಯ ಗೋಳಾಟದ ಡೈಲಾಗು ಕೇಳಿ ಫಾರಿನ್ನಿನ ಹೆಣ್ಣುಮಗಳೊಬ್ಬಳು ಹೆದರಿ, ಕುಡಿಯಲು ನೀರು ಕೊಟ್ಟು, ಬೆನ್ನು ಸವರಿ ಸಮಾಧಾನ ಮಾಡಿ ಹೋದಳಂತೆ. ವಾರಗಟ್ಟಲೆ ಮಾವ ನೆಲದ ಮೇಲೆ ನಡೆಯಲಿಲ್ಲ.

ನಮ್ಮ ಅತ್ತೆ ಹೊಳೆಮ್ಮನಿಗೆ ಇದೆಲ್ಲ ಅಷ್ಟಕ್ಕಷ್ಟೆ. "ಊರಾಗ ಯಾರ ಮನ್ಯಾಗ ಯಾರು ಸತ್ರೂ ನಮ್ಮೋರು ಅಳಂಗಿಲ್ಲ. ತಾವ ಬರದು ತಾವ ಕೊಂದೋರ ಸಲುವಾಗಿ ಮಾತ್ರ ಊಟ ಬಿಡ್ತಾರ" ಎನ್ನುತ್ತಿದ್ದಳು. ಆದರೆ ಅವನು ಬರೆಯಲು ಕೂತರೆ ಚಿಮಣಿಗೆ ಎಣ್ಣೆ ಹಾಕಿಟ್ಟು, ಬೀದಿಯ ಮಕ್ಕಳನ್ನು ಗದರಿಸಿ ಓಡಿಸುತ್ತಿದ್ದವಳೂ ಅವಳೇ.

ನಾನು ಆಗ ಕಂಪ್ಲಿಯ ಹತ್ತಿರದ ಹಳ್ಳಿಯೊಂದರಲ್ಲಿ ಮೇಷ್ಟ್ರ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ನನ್ನ ಅಕ್ಷರ ದುಂಡಗಿದ್ದ ತಪ್ಪಿಗೆ ಮಾವನ ನಾಟಕಗಳ ಪಾರ್ಟುಗಳನ್ನೆಲ್ಲ ಬಿಡಿಸಿ ಬರೆದುಕೊಡುವುದು, ನಾಟಕದ ದಿನ ಪರದೆಯ ಹಿಂದೆ ನಿಂತು ಮಾತು ಮರೆತವರಿಗೆ ಹೇಳಿಕೊಡುವುದು ನನ್ನ ಪಾಲಿಗೆ ಬಂದಿತ್ತು. ನಮ್ಮವ್ವ ಬೇಡವೆಂದಳು. ಮದುವೆಯಾಗಬೇಕಾದ ಹುಡುಗಿ ಪರದೆಯ ಹಿಂದೆ ನಿಂತು ಗಂಡಸರಿಗೆ ಮಾತು ಹೇಳಿಕೊಡುವುದೇನು ಎಂದು ಅವಳ ತಕರಾರು. ಮುಂದೆ ಮದುವೆಯಾದ ಮೇಲೆ ಮಾಡಬೇಕಾದ್ದೂ ಅದೇ ಎಂದು ಮಾವ ಅವಳ ಬಾಯಿ ಮುಚ್ಚಿಸಿದ.

ಆ ವರ್ಷ ಎಮ್ಮಿಗನೂರಿನವರು ಹೊಸ ನಾಟಕ ಬರೆಸಿದರು. ಹೆಸರು 'ಕಾಲುವೆ ಕಮಲಿ ಅರ್ಥಾತ್ ಕಣ್ಣೀರು ಒರೆಸಿದ ಕೈ'. ರಾಜಶೇಖರ ಎಂಬವನಿಗೆ ಕಾಲುವೆ ನೀರು ಬಂದು ದುಡ್ಡು ಬರುತ್ತದೆ, ದುಡ್ಡು ಬಂದದ್ದೇ ಹೆಂಡತಿ ಕಮಲಿ ಹಳಬಳಾಗಿ ಕಾಣುತ್ತಾಳೆ, ಅವಳನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಅವಳು ಕೂಲಿ ಮಾಡಿ ತನ್ನದೊಂದು ಪುಟ್ಟ ಮನೆ ಮಾಡಿಕೊಳ್ಳುತ್ತಾಳೆ. ಇವನು ಎಲ್ಲ ಕಳೆದುಕೊಂಡು ಒಂದು ದಿನ ಅವಳ ಬಾಗಿಲಿಗೆ ಬರುತ್ತಾನೆ. ಅಲ್ಲಿಂದ ಮುಂದಿನದೇ ಕೊನೆಯ ಸೀನು.

ಅದನ್ನು ನಕಲು ಮಾಡುವಾಗ ನಾನು ಪೆನ್ನು ಕೆಳಗಿಟ್ಟು ಮೊದಲಿನಿಂದ ಮತ್ತೆ ಓದಿದೆ. ಬೇರೆ ನಾಟಕಗಳಲ್ಲಾದರೆ ಹೆಂಡತಿ ಓಡಿ ಬಂದು ಗಂಡನ ಕಾಲಿಗೆ ಬೀಳಬೇಕು, ಮಂಗಳ ಹಾಡಬೇಕು. ಇಲ್ಲಿ ಅಂಥದ್ದೇನೂ ಇರಲಿಲ್ಲ. ಕಮಲಿ ಒಳಗೆ ಬಾ ಎನ್ನುವುದಿಲ್ಲ, ಹೋಗು ಎನ್ನುವುದಿಲ್ಲ. ಜಗಲಿಯ ಮೇಲೆ ಕೂರಿಸಿ ಊಟ ಬಡಿಸುತ್ತಾಳೆ. ಅವನು ಉಣ್ಣುತ್ತಿದ್ದಂತೆ ತೆರೆ ಬೀಳುತ್ತದೆ. ಕೂಗುಮಾತಿನ ಜಂಬಯ್ಯ ಮಾವ ಆ ಸೀನಿನಲ್ಲಿ ಯಾರನ್ನೂ ಕೂಗಿಸಿರಲಿಲ್ಲ.

"ಮಾವ, ಆಕಿ ಅವನ್ನ ಮನ್ಯಾಗ ಇಟ್ಕಂತಾಳೋ ಕಳಿಸ್ತಾಳೋ?" ಎಂದು ಕೇಳಿದೆ.

"ನಂಗೇನ್ ಗೊತ್ತು? ಅಷ್ಟೊತ್ತಿಗೆ ನಾನು ಹೊರಗ ಬಂದ್ಬಿಟ್ಟೆ" ಎಂದ. ನಕ್ಕ. ಆಮೇಲೆ ನಗು ಬಿಟ್ಟು, "ನೋಡು ಭೀಮವ್ವ, ಕೊನೀ ಸೀನಿನ ಸಲುವಾಗೇ ನಾನು ನಾಟಕ ಬರಿಯೋದು. ಹಿಂದಿಂದೆಲ್ಲ ಅಲ್ಲಿಗೆ ಹೋಗಿ ಮುಟ್ಟಾಕ ಬಸ್ಸು ಇದ್ದಂಗ. ಇಷ್ಟ್ ವರ್ಷ ಬಸ್ಸಿನಾಗ ಕುಂದ್ರಿಸಿ ಕುಂದ್ರಿಸಿ ಊರು ಬರೋಕಿಂತ ಮೊದ್ಲ ಎಲ್ಲಾರನ್ನೂ ಇಳಿಸಿ ಕಳ್ಸೀನಿ. ಈ ಸಲನೂ ಈ ಸೀನು ಆಗ್ಲಿಲ್ಲ ಅಂದ್ರ ಬರಿಯೋದ ಬಿಡ್ತೀನಿ. ನಿಮ್ಮತ್ತಿ ಮ್ಯಾಲೆ ಆಣಿ" ಎಂದ.

ಒಳಗಿನಿಂದ ಅತ್ತೆ, "ಆಣಿ ಇಡಾಕ ನಾನ ಸಿಕ್ಕೆನಾ?" ಎಂದಳು. ಆದರೆ ಅವಳ ದನಿಯೂ ಸಣ್ಣಗಾಗಿತ್ತು. ಬರೆಯುವುದನ್ನು ಬಿಟ್ಟ ಜಂಬಯ್ಯನನ್ನು ಮನೆಯಲ್ಲಿಟ್ಟುಕೊಂಡು ಏನು ಮಾಡುವುದೆಂದು ಅವಳಿಗಾದರೂ ಏನು ಗೊತ್ತಿತ್ತು?

ಸರಿ, ಆಯೇರಿಯನ್ನು ಸೋಲಿಸಬೇಕು. ಎಲ್ಲ ಆಯೇರಿಯನ್ನೂ ನಾಟಕ ಮುಗಿದ ಮೇಲೆ ಇಟ್ಟುಕೊಳ್ಳೋಣ ಎಂದು ಹಿಂದೊಮ್ಮೆ ಮಾವ ಹೇಳಿ ನೋಡಿದ್ದ. ಜನರೇ ಇಲ್ಲದ ಮೇಲೆ ಯಾರಿಗೆ ತೋರಿಸುವುದಕ್ಕೆ ಕೊಡಬೇಕು ಎಂದು ಬೀಗರೆಲ್ಲ ಸಿಟ್ಟಾಗಿದ್ದರು. ಈ ಸಲ ಅವನು ಭಾರಿ ಉಪಾಯ ಹುಡುಕಿದ. ಆಯೇರಿ ಮಾಡುವವರು ಅತ್ತೆಯ ಮನೆಯವರು. ಅತ್ತೆಯ ಮನೆಯೇ ಇಲ್ಲದವರನ್ನು ಸ್ಟೇಜಿಗೆ ಹತ್ತಿಸಿದರೆ? ಮದುವೆಯಾಗದ ಹುಡುಗರಿಗಷ್ಟೇ ಪಾರ್ಟು! ಇದು ಹೊಳೆದ ದಿನ ಮಾವ ಗಿರಣಿಯಿಂದ ನೇರ ನಮ್ಮ ಶಾಲೆಗೇ ಬಂದು, ಮಗ್ಗಿ ಹೇಳುತ್ತಿದ್ದ ಮಕ್ಕಳ ನಡುವೆ ನನ್ನ ಕೈ ಹಿಡಿದುಕೊಂಡು ಕುಣಿದುಬಿಟ್ಟ. ತಲೆಯ ಮೇಲೆಲ್ಲ ತೌಡು ಕೂತಿತ್ತು. ಮಕ್ಕಳಿಗೆ ಮಗ್ಗಿ ಮರೆತುಹೋಯಿತು.

ಎಮ್ಮಿಗನೂರಿನ ದೊಡ್ಡ ರೈತ ನಾಗೇಂದ್ರಪ್ಪ ಮಾತ್ರ ಮುಖ ಊದಿಸಿದ. ಪ್ರತಿ ವರ್ಷ ಅವನೇ ನಾಯಕ. ಹೊಟ್ಟೆ ಬಂದಿದ್ದರೂ, ಮಗಳಿಗೆ ಗಂಡು ನೋಡುತ್ತಿದ್ದರೂ ನಾಯಕನ ಪಾರ್ಟು ಬಿಟ್ಟವನಲ್ಲ. ಅವನನ್ನು ಸಮಾಧಾನ ಮಾಡಲು ಮಾವ, "ನೀವು ಅಧ್ಯಕ್ಷರು. ಮುಂದ ಕುರ್ಚಿ ಹಾಕಿಸ್ತೀವಿ. ಮೈಕು ಪೂರಾ ನಿಮ್ಮ ಕೈಯಾಗ" ಎಂದ. ನಾಗೇಂದ್ರಪ್ಪ ಅರಳಿದ. ಆ ಮೈಕು ಕೊಟ್ಟದ್ದು ಎಂಥ ಎಡವಟ್ಟು ಎಂದು ಆಮೇಲೆ ಗೊತ್ತಾಯಿತು.

ರಾಜಶೇಖರನ ಪಾರ್ಟಿಗೆ ಉಚ್ಚೆಂಗಪ್ಪ ಎಂಬ ಹುಡುಗ ಸಿಕ್ಕ. ಎತ್ತರ, ಗುಂಗುರು ಕೂದಲು, ಮನೆಯಲ್ಲಿ ನೀರಾವರಿ ಹೊಲ, ಅಂಗಳದಲ್ಲಿ ಕೆಂಪು ಟ್ರ್ಯಾಕ್ಟರು. ಕಮಲಿಯ ಪಾರ್ಟಿಗೆ ಸೊಂಡೂರಿನ ಸುಂಕಮ್ಮ. ಹಳ್ಳಿಹಳ್ಳಿಗೆ ಹೋಗಿ ಪಾರ್ಟು ಮಾಡಿಯೇ ಸಂಸಾರ ನಡೆಸುತ್ತಿದ್ದ ಹೆಂಗಸು. ಮಾವನ ನಾಟಕಗಳಲ್ಲಿ ವರ್ಷಗಳಿಂದ ನಾಯಕಿ ಅವಳೇ. ಎಲ್ಲ ಕೊನೆಯ ಸೀನುಗಳನ್ನೂ ಬಾಯಿಪಾಠ ಮಾಡಿ, ಒಂದನ್ನೂ ಆಡದೆ ಬಂದವಳು.

ಸುಗ್ಗಿ ಮುಗಿದು, ಎರಡನೇ ಬೆಳೆಯ ನಾಟಿ ಆಗಷ್ಟೇ ಶುರುವಾದ ಹೊತ್ತಿನಲ್ಲಿ ನಾಟಕ. ರಾತ್ರಿ ಊಟದ ಹೊತ್ತಿಗೆಲ್ಲ ಜನ ಕಿಕ್ಕಿರಿದರು. ಮರುಳಸಿದ್ದಪ್ಪ ಮಾಸ್ತರು ಹಾರ್ಮೋನಿಯಂ ತುಳಿದರು, ನಾಂದಿಯಾಯಿತು, ಮೊದಲ ಸೀನು ಸರಾಗವಾಗಿ ಹೋಯಿತು. ಯಾರೂ ಆಯೇರಿಗೆ ಬರಲಿಲ್ಲ. ಪರದೆಯ ಹಿಂದೆ ಮಾವ ನನ್ನ ಪಕ್ಕದಲ್ಲಿ ನಿಂತು, ಕಣ್ಣಿನಲ್ಲೇ ನಗುತ್ತ, ಎರಡೂ ಕೈ ಉಜ್ಜಿಕೊಳ್ಳುತ್ತಿದ್ದ.

ಎರಡನೇ ಸೀನಿನಲ್ಲಿ ಉಚ್ಚೆಂಗಪ್ಪ ಒಂದು ಹಾಡು ಹೇಳಿದ. ಚೆನ್ನಾಗಿಯೇ ಹೇಳಿದ. ಅಷ್ಟೇ ಸಾಕಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ದೂರದೂರಿನ ರೈತನೊಬ್ಬ ಎದ್ದು ನಾಗೇಂದ್ರಪ್ಪನ ಕಿವಿಯಲ್ಲಿ ಏನೋ ಹೇಳಿದ. ಮೈಕು ಕಿರುಗುಟ್ಟಿತು.

"ನಾಯಕನ ಪಾತ್ರಧಾರಿ ಚಿರಂಜೀವಿ ಉಚ್ಚೆಂಗಪ್ಪ, ಇನ್ನಾ ಲಗ್ನ ಆಗಿಲ್ಲ, ಇವರ ಅಭಿನಯ ಮೆಚ್ಚಿ ಫುಲ್ ಡ್ರೆಸ್ ಆಯೇರಿ ಇರುತ್ತದೆ. ಆಯೇರಿ ಮಾಡೋರಿಗೆ ಎಸ್ಸೆಸ್ಸೆಲ್ಸಿ ಪಾಸಾದ ಮಗಳು ಇರುತ್ತಾಳೆ!"

ಜನ ಹೋ ಎಂದರು. ಮಾವ ನನ್ನ ಭುಜ ಹಿಡಿದುಕೊಂಡ. ಮದುವೆಯಾದವನಿಗೆ ಒಬ್ಬ ಮಾವ. ಮದುವೆಯಾಗದವನಿಗೆ ಹೆಣ್ಣು ಹೆತ್ತವರೆಲ್ಲ ಮಾವಂದಿರು! ಇದು ಅವನಿಗೆ ಹೊಳೆದೇ ಇರಲಿಲ್ಲ. ಹೊಲ ನೋಡಿದವರು, ಟ್ರ್ಯಾಕ್ಟರು ನೋಡಿದವರು, ಈಗ ಹುಡುಗನನ್ನೇ ಲೈಟಿನ ಬೆಳಕಿನಲ್ಲಿ ಹಿಂದೆ ಮುಂದೆ ನೋಡುವ ಅವಕಾಶ ಸಿಕ್ಕವರು, ಒಬ್ಬರ ಹಿಂದೆ ಒಬ್ಬರು ಎದ್ದರು. ಹೆಣ್ಣಿನ ತಂದೆ ಉಂಗುರ ತೊಡಿಸಿದರೆ ಅದನ್ನು ಮೀರಿಸಲು ಇನ್ನೊಂದು ಹೆಣ್ಣಿನ ಸೋದರಮಾವ ಬಂದ. ಖಳನಾಯಕನ ಪಾರ್ಟಿನ ಹುಡುಗನಿಗೂ ಬೇಡಿಕೆ ಬಂತು. ಕೋಲು ಹಿಡಿದು ಬಾಗಿಲಲ್ಲಿ ನಿಂತ ಕಾವಲುಗಾರ ಕೂಡ ಒಂದು ಟೆರಿಲಿನ್ ಶರ್ಟಿನ ಬಟ್ಟೆ ಸಂಪಾದಿಸಿದ. ಆ ರಾತ್ರಿ ಉಚ್ಚೆಂಗಪ್ಪನಿಗೆ ಏನೂ ಕೊಡದ ಹೆಣ್ಣಿನ ತಂದೆ ಎಂದರೆ ನಮ್ಮಪ್ಪ ಒಬ್ಬನೇ, ಅದೂ ಅವನು ಊರಲ್ಲಿ ಇರಲಿಲ್ಲವಾದ್ದರಿಂದ.

ನಾಗೇಂದ್ರಪ್ಪನಿಗೆ ಹುಮ್ಮಸ್ಸು ಬಂದುಬಿಟ್ಟಿತ್ತು. "ಕನ್ಯಾ ಪಿತೃಗಳು ದಯವಿಟ್ಟು ಲೈನಿನಾಗ ಬರಬೇಕು! ಎಲ್ಲಾರಿಗೂ ಅವಕಾಶ ಐತಿ!" ಎಂದು ಮೈಕು ಬಾಯಿಗೇ ಇಟ್ಟುಕೊಂಡು ಕೂಗಿದ. ಕಡೆಗೆ ಅವನೇ ಎದ್ದು, ಮೈಕನ್ನು ಬೇರೆಯವರಿಗೆ ಕೊಟ್ಟು, ಸ್ಟೇಜು ಹತ್ತಿ ತನ್ನ ಕೈಗಡಿಯಾರವನ್ನೇ ಬಿಚ್ಚಿ ಉಚ್ಚೆಂಗಪ್ಪನ ಕೈಗೆ ಕಟ್ಟಿದ. ಮನೆಯಲ್ಲಿ ಮಗಳಿದ್ದಳಲ್ಲ.

ನಾನು ನಕ್ಕು ನಕ್ಕು ಪರದೆಯ ಹಿಂದೆ ಕುಸಿದು ಕೂತೆ. ಮಾವ ಮೊದಲು ನಗಲಿಲ್ಲ. ಆಮೇಲೆ ಅವನಿಗೂ ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಸ್ಟೇಜಿನ ಮೇಲೆ ಸುಂಕಮ್ಮ, ಗಂಡ ಹೊರಹಾಕಿದ ಕಮಲಿ, ತನ್ನ ಕಣ್ಣೀರನ್ನು ಅರ್ಧಕ್ಕೆ ನಿಲ್ಲಿಸಿ ಒಂದು ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ಕೊನೆಯ ಸೀನಿನ ಹಿಂದಿನ ಸೀನು ಮುಗಿದಾಗ ಬಿಸಿಲು ಸ್ಟೇಜಿನ ಮೇಲೆ ಬಿದ್ದಿತ್ತು. ಮುಂದೆ ಖಾಲಿ ಬಯಲು, ಶೇಂಗಾ ಸಿಪ್ಪೆ, ಒಂದು ಮರೆತುಹೋದ ಚಾಪೆ. ಉಚ್ಚೆಂಗಪ್ಪನನ್ನು ಯಾರೋ ಉಪ್ಪಿಟ್ಟಿಗೆ ಎಂದು ಕರೆದುಕೊಂಡು ಹೋಗಿಬಿಟ್ಟಿದ್ದರು. ಬಾಡಿಗೆಯ ಪರದೆಯವರು ಮಧ್ಯಾಹ್ನಕ್ಕೆ ಬೇರೆ ಊರಿಗೆ ಹೋಗಬೇಕೆಂದು ಕಮಲಿಯ ಮನೆಯನ್ನು ಬಿಚ್ಚಿ ಸುತ್ತತೊಡಗಿದರು. ಮಾವ ಅದನ್ನೇ ನೋಡುತ್ತ ನಿಂತ. ಈಗ ಅವನ ಮುಖದಲ್ಲಿ ನಗುವಿರಲಿಲ್ಲ.

"ಆತು ಬಿಡು ಭೀಮವ್ವ. ಮುಗೀತು" ಎಂದ. ನಾಟಕ ಮುಗಿಯಿತು ಎಂದು ಹೇಳಿದ್ದಲ್ಲವೆಂದು ನನಗೆ ಗೊತ್ತಿತ್ತು. ಬೇಜಾರಾಯಿತು ಎಂದು ಬರೆದರೆ ಕಡಿಮೆಯಾಗುತ್ತದೆ, ನನಗೆ ಅಳು ಬಂತು.

ಮಾವ, ಸುಂಕಮ್ಮ, ಹಾರ್ಮೋನಿಯಂ ಪೆಟ್ಟಿಗೆ ಹೊತ್ತುಕೊಂಡ ಮರುಳಸಿದ್ದಪ್ಪ, ನಾನು, ಎಲ್ಲರೂ ಕಂಪ್ಲಿ ರಸ್ತೆಗೆ ಬಂದೆವು. ಬೇವಿನ ಮರದ ಕೆಳಗೆ ಬಸ್ಸು ನಿಲ್ಲುವ ಜಾಗ. ಅದರ ಪಕ್ಕದಲ್ಲೇ ನೀರು ನಿಲ್ಲಿಸಿದ ಗದ್ದೆ. ಹೆಂಗಸರು ಸೀರೆ ಎತ್ತಿಕಟ್ಟಿ, ಬಗ್ಗಿ ನಾಟಿ ಹಚ್ಚುತ್ತಿದ್ದರು. ಸುಂಕಮ್ಮ ಮುಖದ ಬಣ್ಣವನ್ನೂ ತೊಳೆದಿರಲಿಲ್ಲ. ಅವಳನ್ನು ಕಂಡದ್ದೇ ಸಾಲಿನ ಮುಂದಾಳು ತಿಪ್ಪಕ್ಕ ಬೆನ್ನು ನೆಟ್ಟಗೆ ಮಾಡಿದಳು.

"ಏ, ಕಮಲಿ ಅಲ್ಲೇನ ಅದು? ಎವ್ವಾ, ಆ ಮೂಳ ನಿನ್ನ ಹೊರಗ ಹಾಕಿದ ಮ್ಯಾಲೆ ನಾವು ಎದ್ದು ಬಂದ್ವಿ, ಕೂಲಿಗೆ ಹೊತ್ತಾಗಿತ್ತು. ಕಡೀಗೇನಾತು?"

ಸಾಲಿನ ಹೆಂಗಸರೆಲ್ಲ ಸಸಿ ಹಿಡಿದ ಕೈಗಳನ್ನು ಹಾಗೇ ನಿಲ್ಲಿಸಿ ತಲೆ ಎತ್ತಿದರು. ಮಾವನ ಕಡೆ ನೋಡಿದೆ. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವನ ನಾಟಕದ ಬಗ್ಗೆ ಯಾರೂ ಕೇಳಿರಲಿಲ್ಲ.

ಸುಂಕಮ್ಮ ಎಲೆ ಅಡಿಕೆ ಉಗುಳಿದಳು. "ಬಾಯಿಲೆ ಹೇಳಿದ್ರ ಏನ್ ಚಂದ? ಬರ್ರಿ, ಬದುವಿನ ಮ್ಯಾಲೆ ಕುಂದ್ರಿ, ಮಾಡೇ ತೋರಸ್ತೀನಿ. ಮಾಸ್ತರ, ಪೆಟಿಗಿ ಕೆಳಗಿಡ್ರಿ, ಅದು ಜಗಲಿ. ಈ ಗಿಡ ನಾ ಕೂಲಿ ಮಾಡಿ ಕಟ್ಟಿದ ಮನೀ ಬಾಗಿಲು. ಜಂಬಯ್ಯನೋರ, ಗಂಡ ಓಡಿಹೋಗ್ಯಾನ, ಗಂಡನ ಪಾರ್ಟು ನೀವ ಮಾಡ್ರಿ."

"ನಾನಾ? ನಂಗ ಬರಂಗಿಲ್ಲ" ಎಂದು ಮಾವ ಹಿಂದೆ ಸರಿದ.

"ಬರದೋರು ನೀವ, ಬರಂಗಿಲ್ಲ ಅಂದ್ರ ಹ್ಯಾಂಗ?" ಎಂದು ಸುಂಕಮ್ಮ ನಮಗಷ್ಟೇ ಕೇಳುವಂತೆ ಗದರಿದಳು.

ಮರುಳಸಿದ್ದಪ್ಪ ತಮ್ಮ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಯಾರೋ ಕೂರುತ್ತಾರೆಂದು ಗೊಣಗುತ್ತಲೇ ಇಟ್ಟರು. ಹೆಂಗಸರು ಕೆಸರುಗಾಲಲ್ಲೇ ಬಂದು ಬದುವಿನ ಮೇಲೆ ಸಾಲಾಗಿ ಕೂತರು. ನಾನು ಬೇವಿನ ಮರದ ಹಿಂದೆ ಹೋಗಿ ನಿಂತೆ, ಅಲ್ಲಿ ನನ್ನದೇ ಜಾಗ.

ಮಾವ ರಸ್ತೆಯ ಆ ಕಡೆಯಿಂದ ನಡೆದು ಬಂದ. ನಟನೆ ಮಾಡಲು ಅವನಿಗೆ ನಿಜಕ್ಕೂ ಬರುತ್ತಿರಲಿಲ್ಲ. ನಿದ್ದೆಗೆಟ್ಟ ಕಣ್ಣು, ಮಾಸಿದ ಧೋತರ, ಬಿದ್ದುಹೋದ ಭುಜ, ಎಲ್ಲ ತಂತಾನೇ ರಾಜಶೇಖರನದಾಗಿತ್ತು. ಮರದ ಮುಂದೆ ನಿಂತ.

"ಯಾರು?" ಎಂದಳು ಕಮಲಿ.

"ನಾನು."

"ನಾನು ಅಂದ್ರ ಯಾರು? ಭಾಳ ದಿನ ಆತು. ದನಿ ಮರ್ತೀನಿ."

ಬದುವಿನ ಮೇಲೆ ಯಾರೋ "ಹಂಗ ಕೇಳು!" ಎಂದರು. ಮುಂದಿನ ಮಾತು ಮಾವನದು. ಅವನು ಮಾತೇ ಆಡಲಿಲ್ಲ. ತಾನೇ ಬರೆದದ್ದನ್ನು ಮರೆತುಬಿಟ್ಟಿದ್ದ! ನಾನು ಮರದ ಹಿಂದಿನಿಂದ ಮೆಲ್ಲಗೆ, "ನೀರು ಕೊಡ್ತೀಯಾ" ಎಂದೆ. "ನೀರು ಕೊಡ್ತೀಯಾ ಕಮಲಿ" ಎಂದ ಮಾವ, ಎಷ್ಟು ಸಣ್ಣ ದನಿಯಲ್ಲೆಂದರೆ ಹೆಂಗಸರು ಕುತ್ತಿಗೆ ಮುಂದೆ ಚಾಚಿದರು. ಕಮಲಿ ನೀರು ಕೊಟ್ಟಳು. ಅವನು ಕುಡಿದ.

"ಒಳಗ ಬರ್ಲ್ಯಾ?"

ಅಷ್ಟು ಹೊತ್ತಿಗೆ ಧೂಳೆಬ್ಬಿಸಿಕೊಂಡು ಬಸ್ಸು ಬಂದುಬಿಟ್ಟಿತು. ಕಂಡಕ್ಟರು ಇಳಿದು, "ಕಂಪ್ಲಿ, ಹೊಸಪ್ಯಾಟಿ! ಜಲ್ದಿ ಹತ್ರಿ!" ಎಂದು ಸೀಟಿ ಊದಿದ. ತಿಪ್ಪಕ್ಕ ಕೈಯಲ್ಲಿದ್ದ ಕೆಸರು ಸಸಿಯನ್ನು ಅವನ ಕಡೆ ಬೀಸಿದಳು. "ಏ, ಸೀಟಿ ಬಾಯಾಗಿಂದ ತೆಗಿ! ಗಂಡ ಬಂದು ಬಾಗ್ಲಾಗ ನಿಂತಾನ, ಕಾಣಂಗಿಲ್ಲೇನ?" ಕಂಡಕ್ಟರು ತಬ್ಬಿಬ್ಬಾಗಿ ಸೀಟಿ ತೆಗೆದ. ಡ್ರೈವರು ಇಂಜಿನ್ನು ಬಂದ್ ಮಾಡಿ ಸ್ಟೇರಿಂಗಿನ ಮೇಲೆ ಗಲ್ಲವಿಟ್ಟು ನೋಡತೊಡಗಿದ. ಕಿಟಕಿಗಳ ತುಂಬ ತಲೆಗಳು.

ಕಮಲಿ ಉತ್ತರ ಕೊಡಲಿಲ್ಲ. ಅವನನ್ನು ಮೇಲಿನಿಂದ ಕೆಳಗೆ ನೋಡಿದಳು, ಜಗಲಿಯ ಕಡೆ ಕೈ ತೋರಿಸಿದಳು. ಅವನು ಕೂತ. ಅವಳು ಒಳಗೆ ಹೋಗಿ ತಾಟು ತಂದಳು, ಬಡಿಸಿದ ಹಾಗೆ ಮಾಡಿದಳು, ಬಾಗಿಲು ಹಿಡಿದು ನಿಂತಳು. ಅವನು ಇಲ್ಲದ ತಾಟಿನಿಂದ ಇಲ್ಲದ ಮುದ್ದೆ ಮುರಿದು ಬಾಯಿಗಿಟ್ಟುಕೊಂಡ. ಅವನು ಉಂಡ, ಅವಳು ನೋಡಿದಳು. ಮರುಳಸಿದ್ದಪ್ಪ ದೊಡ್ಡ ದನಿಯಲ್ಲಿ "ತೆರೆ!" ಎಂದರು.

ಒಂದು ಚಪ್ಪಾಳೆಯೂ ಬೀಳಲಿಲ್ಲ. ತಿಪ್ಪಕ್ಕ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಹೆಂಗಸರೆಲ್ಲ ಮಾತಿಲ್ಲದೆ ಗದ್ದೆಗೆ ಇಳಿದು ಬಗ್ಗಿದರು. ಡ್ರೈವರು ಇಂಜಿನ್ನು ಚಾಲೂ ಮಾಡಿದ. ಸುಂಕಮ್ಮನೂ ಮರುಳಸಿದ್ದಪ್ಪನೂ ಬಸ್ಸು ಹತ್ತಿದರು. ಮಾವ ಹತ್ತಲಿಲ್ಲ. ಬದುವಿನ ಮೇಲೆ ಕುಸಿದು ಕೂತ. ಬಸ್ಸು ಹೋಯಿತು.

"ನೋಡಿದೇನ? ಹಂಗ ಎದ್ದು ಹ್ವಾದ್ರು. ಯಾರೂ ನೋಡ್ದ ಇದ್ದಿದ್ರ ಚಂದಾಗೈತಿ ಅಂತ ಅನ್ಕಂಡಾದ್ರೂ ಇರ್ತಿದ್ದೆ" ಎಂದ.

ನಾನೂ ಹೋಗಿ ಅವನ ಪಕ್ಕದಲ್ಲಿ ಕೂತೆ. ಬರೆಯುವವರ ಪಕ್ಕದಲ್ಲಿ ಇಂಥ ಹೊತ್ತಿನಲ್ಲಿ ಕೂರುವುದು ಎಷ್ಟು ಕಷ್ಟವೆಂದು ಮುಂದೆ ನಾನೇ ಬರೆಯತೊಡಗಿದ ಮೇಲೆ ನನ್ನ ಮನೆಯವರು ಎಷ್ಟೋ ಸಲ ಹೇಳಿದ್ದಾರೆ. ಗದ್ದೆಯಲ್ಲಿ ಸಸಿಗಳು ಒಂದೊಂದಾಗಿ ನೀರಿಗಿಳಿಯುತ್ತಿದ್ದವು. ಆಗ ಬಗ್ಗಿದ ಬೆನ್ನುಗಳ ನಡುವಿನಿಂದ ಒಂದು ದನಿ ಬಂತು.

"ಕಳಿಸೇ ಕಳಿಸ್ತಾಳ."

"ಯಾಕ ಕಳಿಸ್ತಾಳ? ಇಟ್ಕಂತಾಳ. ಆಕಿ ಮುಖ ನೋಡ್ಲಿಲ್ಲೇನ?" ಇದು ಪಕೀರಮ್ಮ ಎಂಬ ಹೆಂಗಸಿನ ದನಿ.

"ಇಟ್ಕಳೋಳಾಗಿದ್ರ ಒಳಗ ಕರದು ಉಣಸ್ತಿದ್ಲು. ಜಗಲಿ ಮ್ಯಾಲೆ ಯಾಕ ಕುಂದ್ರಿಸಿದ್ಲು?" ಎಂದಳು ತಿಪ್ಪಕ್ಕ.

"ಕಳಿಸೋಳಾಗಿದ್ರ ತುಪ್ಪ ಯಾಕ ಹಾಕಿದ್ಲು?"

ಮಾವ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದ. "ತುಪ್ಪ! ಭೀಮವ್ವ, ತುಪ್ಪ ನಾನು ಬರದಿಲ್ಲ! ತುಪ್ಪ ಎಲ್ಲಿಂದ ಬಂತು?" ಅವನ ಕಣ್ಣು ನೀರು ತುಂಬಿಕೊಂಡು ಹೊಳೆಯುತ್ತಿತ್ತು.

ಜಗಳ ಸಾಲಿನ ಆ ತುದಿಯಿಂದ ಈ ತುದಿಗೆ ಹಬ್ಬಿತು. ಕಮಲಿಗೆ ತವರಿಲ್ಲ, ಅದಕ್ಕೇ ಇಟ್ಟುಕೊಳ್ಳುತ್ತಾಳೆ ಎಂದಳು ಒಬ್ಬಳು. ತವರಿಲ್ಲದವಳು ಕೂಲಿ ಮಾಡಿ ಮನೆ ಕಟ್ಟಿದ್ದಾಳಲ್ಲ, ಇನ್ನು ಅವನು ಯಾತಕ್ಕೆ ಎಂದಳು ಇನ್ನೊಬ್ಬಳು. ತನ್ನ ನಾದಿನಿಯ ಕತೆ ಹೇಳಿದವಳಿಗೆ, ನಿನ್ನ ನಾದಿನಿಯ ಸುದ್ದಿ ಬಿಡು, ನಾವು ಕಮಲಿಯ ಮಾತಾಡುತ್ತಿದ್ದೇವೆ ಎಂದು ಎಲ್ಲರೂ ಸೇರಿ ಗದರಿಸಿದರು. ಗದ್ದೆಯ ಯಜಮಾನ ಬಂದು, ಬಾಯಿ ಸಾಕು, ಕೈ ಆಡಿಸಿ ಎಂದ. ಅವನನ್ನೂ ಯಾವ ಕಡೆ ನೀನು ಎಂದು ಕೇಳಿದರು. ಕಳಿಸಬೇಕು ಎಂದ. ಅರ್ಧ ಜನ ಅವನ ಮೇಲೆ ಬಿದ್ದರು.

ಮಾವನಿಗೆ ಗಿರಣಿಯ ನೆನಪಿಲ್ಲ, ಮನೆಯ ನೆನಪಿಲ್ಲ. ಸಾಲು ಹಿಂದೆ ಸರಿದಂತೆಲ್ಲ ಅವನೂ ಬದುವಿನ ಮೇಲೆ ಕುಂಡೆ ಜರುಗಿಸುತ್ತ ಹಿಂದೆ ಹಿಂದೆ ಹೋಗುತ್ತಿದ್ದ. ಮುಂದಿನ ಬಸ್ಸೂ ಹೋಯಿತು. ಒಬ್ಬಳು ಏನಾದರೂ ಹೇಳಿದರೆ ಅವನೇ "ಹೌದಲ್ಲ!" ಎಂದು ತೊಡೆ ತಟ್ಟಿಕೊಳ್ಳುವುದು, ಇನ್ನೊಬ್ಬಳು ಅದನ್ನು ಮುರಿದರೆ "ಅದೂ ಖರೇನ!" ಎನ್ನುವುದು. ಯಾರು ಬರೆದದ್ದು ಈ ನಾಟಕ ಎಂದು ಒಬ್ಬರೂ ಕೇಳಲಿಲ್ಲ. ನಾನೇ ಹೇಳಲು ಹೊರಟರೆ ಮಾವ ನನ್ನ ಬಾಯಿ ಮುಚ್ಚಿದ. "ಸುಮ್ನಿರ. ಈಗ ಹೇಳಿದ್ರ ನನ್ನ ಕೇಳ್ತಾರ. ಕೇಳಿದ್ರ ಇದು ನಿಂತ್ಹೊಕ್ಕತಿ."

ಮಧ್ಯಾಹ್ನ ಹೆಂಗಸರು ಕೈಕಾಲು ತೊಳೆದು ಬೇವಿನ ನೆರಳಿಗೆ ಬಂದು ಬುತ್ತಿ ಬಿಚ್ಚಿದರು. ಪಕೀರಮ್ಮ ಎರಡು ರೊಟ್ಟಿಗಳ ಮೇಲೆ ಪುಂಡಿಪಲ್ಯ, ಶೇಂಗಾ ಚಟ್ನಿ ಹಾಕಿ, ನನಗೊಂದು ಕೊಟ್ಟು, ಇನ್ನೊಂದನ್ನು ಮಾವನಿಗೆ ಕೊಡಲು ಹೋದಳು.

"ಏ, ಅವಂಗ ಯಾಕ ಕೊಡ್ತಿ?" ಎಂದಳು ತಿಪ್ಪಕ್ಕ. "ಹೇಣ್ತೀನ ಹೊರಗ ಹಾಕಿದಾವ."

"ಹಸದಾನ ಬೇ. ಮುಂಜಾನಿಂದ ಕುಂತಾನ."

"ಕಮಲಿ ಹಸದಾಗ ಇವ ಎಲ್ಲಿದ್ದ?"

ಹೆಂಗಸರು ನಗಲಿಲ್ಲ. ತುತ್ತು ಕೈಯಲ್ಲೇ ಹಿಡಿದು ಎಲ್ಲರೂ ತಿಪ್ಪಕ್ಕನ ಮುಖ ನೋಡಿದರು. ಮಾವ ಚಾಚಿದ ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡು ತಲೆ ತಗ್ಗಿಸಿದ. ಇಷ್ಟು ಚೆನ್ನಾಗಿ ಅವನು ಬೆಳಗ್ಗೆ ನಟಿಸಿರಲಿಲ್ಲ. ತಿಪ್ಪಕ್ಕ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಪಕೀರಮ್ಮನ ಕೈಯಿಂದ ರೊಟ್ಟಿ ಇಸಿದುಕೊಂಡು, ತಾನೇ ಎದ್ದು ಬಂದು ಅವನ ಕೈಗಿಟ್ಟಳು.

"ತಗಾ ರಾಜಶೇಖರ, ಉಣ್ಣು. ಅಲ್ಲೇ ಕುಂತು ಉಣ್ಣು, ಈ ಕಡೀಗೆ ಬರಬ್ಯಾಡ. ನಿಂದು ಏನ್ ಮಾಡ್ಬೇಕು ಅಂತ ನಾವು ಇನ್ನಾ ತೀರ್ಮಾನ ಮಾಡಿಲ್ಲ."